ಗದರಿಸುವ ಅಧಿಕಾರದ ಮುಂದೆ ನಿಲ್ಲುವುದು ಹೇಗೆ: ಕೊಡಗಿನ ಕ್ರೈಸ್ತರಿಗೊಂದು ಮಾರ್ಗದರ್ಶಿ

ಅಧಿಕಾರಿಯ ಮುಂದೆ ನಿಂತಾಗ ಬಾಯಿ ಒಣಗಿದರೆ ಅದು ಅವಿಶ್ವಾಸ ಎಂದು ಯಾರೂ ಕುಗ್ಗಬೇಕಾಗಿಲ್ಲ. ಪರ್ಷಿಯದ ಅರಸ ಪ್ರಶ್ನೆ ಕೇಳಿದಾಗ ತನಗೆ ಬಹಳ ಹೆದರಿಕೆಯಾಯಿತೆಂದು ನೆಹೆಮೀಯನೇ ಬರೆದಿಟ್ಟಿದ್ದಾನೆ (ನೆಹೆಮೀಯ 2:2). ಹೆದರಿಕೊಂಡೇ ಮನಸ್ಸಿನಲ್ಲಿ ಪ್ರಾರ್ಥನೆ ಮಾಡಿದ, ಆಮೇಲೆ ತನಗೆ ಬೇಕಾದ್ದನ್ನು ಲೆಕ್ಕ ಹಾಕಿ ಕೇಳಿದ: ಇಷ್ಟು ದಿನ ರಜೆ, ದಾರಿಯ ಅಧಿಪತಿಗಳಿಗೆ ಕಾಗದ, ಮರಮುಟ್ಟಿಗೆ ಕಾಗದ. ಭಯ ಹೋಗಲಿ ಎಂದು ಕಾದಿದ್ದರೆ ಯೆರೂಸಲೇಮಿನ ಗೋಡೆ ಏಳುತ್ತಿರಲಿಲ್ಲ.

ಇದು ಬರೀ ಪಾಸ್ಟರ್‌ಗಳಿಗೆ ಬರೆದದ್ದಲ್ಲ. ತೋಟದ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿದ್ದು ಕೆಲಸ ಮಾಡುವವರಿಗೆ, ತಾಲ್ಲೂಕು ಕಚೇರಿಯಲ್ಲಿ ಫೈಲ್ ಹಿಂದೆ ಅಲೆಯುವವರಿಗೆ, ಸ್ಟೇಷನ್ನಿನಿಂದ ಫೋನ್ ಬಂದರೆ ರಾತ್ರಿಯಿಡೀ ನಿದ್ದೆಗೆಡುವವರಿಗೆ. ಇಂಥ ಹೊತ್ತಿನಲ್ಲಿ ನಮ್ಮವರು ಮಾಡುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು. ಕೈಮುಗಿದು ಎಲ್ಲದಕ್ಕೂ "ಆಯ್ತು ಸಾರ್" ಅನ್ನುತ್ತಾರೆ, ಇಲ್ಲವಾದರೆ ಕೂಗಾಡಿ ಅದನ್ನೇ ಸಾಕ್ಷಿ ಅಂದುಕೊಳ್ಳುತ್ತಾರೆ. ಎರಡೂ ಸುಲಭ. ವೇದದಲ್ಲಿ ಕಾಣುವ ದಾರಿಗೆ ಸ್ವಲ್ಪ ಕೆಲಸ ಹೆಚ್ಚು, ಕಾಗದ ಪೆನ್ನೂ ಬೇಕು.

ಗದರಿಕೆಯನ್ನು ಮೊದಲು ಬಿಡಿಸಿ ನೋಡಿ

ಯೆಶಾಯ 36ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಅಶ್ಶೂರದ ಅರಸನ ಅಧಿಕಾರಿ ರಬ್ಷಾಕೆ ಯೆರೂಸಲೇಮಿನ ಗೋಡೆಯ ಹೊರಗೆ ನಿಂತು ಮಾತಾಡುತ್ತಾನೆ. ಯೆಹೂದದ ಅರಸ ಹಿಜ್ಕೀಯನ ಕಡೆಯವರು ಅರಾಮ್ಯ ಭಾಷೆಯಲ್ಲಿ ಮಾತಾಡಿ ಎಂದು ಬೇಡಿದರೂ ಕೇಳದೆ, ಗೋಡೆಯ ಮೇಲೆ ಕೂತ ಜನಕ್ಕೆ ಅರ್ಥವಾಗಲೆಂದು ಯೆಹೂದ್ಯರ ಭಾಷೆಯಲ್ಲೇ ಕೂಗುತ್ತಾನೆ. "ಎರಡು ಸಾವಿರ ಕುದುರೆ ಕೊಡ್ತೇನೆ, ಹತ್ತೋಕೆ ನಿಮ್ಮಲ್ಲಿ ಜನ ಇದ್ದಾರಾ?" ಎಂದು ಹಂಗಿಸುತ್ತಾನೆ. ಯೆಹೋವನೇ ನನ್ನನ್ನು ಕಳಿಸಿದ್ದು ಎಂದೂ ಹೇಳುತ್ತಾನೆ. ಕೊನೆಗೆ ಆಸೆ ತೋರಿಸುತ್ತಾನೆ: ಶರಣಾಗಿ, ಒಬ್ಬೊಬ್ಬರೂ ನಿಮ್ಮ ನಿಮ್ಮ ದ್ರಾಕ್ಷಿ, ಅಂಜೂರ ತಿಂದುಕೊಂಡಿರಿ.

ಹೆದರಿಸುವವರ ಕೈಚಳಕವೆಲ್ಲ ಇಲ್ಲಿದೆ. ನಾಲ್ಕು ಜನರ ಎದುರು ಮಾನ ತೆಗೆಯುವುದು, ಕೈಲಾಗದವರು ಎಂದು ಹೀಯಾಳಿಸುವುದು, ದೇವರ ಹೆಸರನ್ನೂ ಬಳಸಿಕೊಳ್ಳುವುದು, ಒಪ್ಪಿಕೊಂಡರೆ ಎಲ್ಲ ಸುಸೂತ್ರ ಎನ್ನುವುದು. ಗೋಡೆಯ ಮೇಲಿದ್ದ ಜನ ಬಾಯಿ ಬಿಡಲಿಲ್ಲ, ಉತ್ತರ ಕೊಡಬೇಡಿ ಎಂದು ಅರಸನ ಅಪ್ಪಣೆಯಿತ್ತು. ಮುಂದಿನ ಅಧ್ಯಾಯದಲ್ಲಿ ಬೆದರಿಕೆ ಕಾಗದದಲ್ಲಿ ಬರುತ್ತದೆ. ಹಿಜ್ಕೀಯ ಅದನ್ನು ಓದಿ, ದೇವಾಲಯಕ್ಕೆ ಒಯ್ದು ಕರ್ತನ ಮುಂದೆ ಹರಡಿಟ್ಟ.

ಹಾಗಾಗಿ ಗದರಿಕೆ ಕಿವಿಯಲ್ಲಿ ಸುತ್ತುತ್ತಿರುವಾಗ ಉತ್ತರ ಕೊಡಬೇಡಿ, ಅದನ್ನು ಕಾಗದಕ್ಕೆ ಇಳಿಸಿ. ಅದೇ ದಿನ, ಒಂದು ನೋಟ್‌ಬುಕ್‌ನಲ್ಲಿ, ತಾರೀಖು, ಸಮಯ, ಜಾಗ, ಯಾರು, ಯಾವ ಮಾತು, ಯಾರೆಲ್ಲ ಇದ್ದರು. ಅವರ ಮಾತನ್ನು ಅವರು ಆಡಿದ ಹಾಗೇ ಬರೆಯಿರಿ, ಕೋಪಕ್ಕೆ ಒಂದು ಮಾತು ಸೇರಿಸಬೇಡಿ. ಹೀಗೆ ಬರೆದಿಟ್ಟ ಬೆದರಿಕೆಯಲ್ಲಿ ಅರ್ಧಕ್ಕರ್ಧ ಬರೀ ಶಬ್ದ ಎಂದು ಮಾರನೆಯ ದಿನ ಓದಿದಾಗ ಗೊತ್ತಾಗುತ್ತದೆ. ಉಳಿದರ್ಧಕ್ಕೆ ಪ್ರಾರ್ಥನೆಯೂ ಬೇಕು, ವಕೀಲರೂ ಬೇಕು. ಇಬ್ಬರ ಮುಂದೆ ಇಡುವುದೂ ಅದೇ ಹಾಳೆ.

ಕೇಳುತ್ತಿರುವುದು ಏನು ಎಂದು ವಿಂಗಡಿಸಿ

ಅಧಿಕಾರ ಎಂದರೇ ಶತ್ರು ಅನ್ನುವ ಮಾತು ನಮ್ಮ ಜಿಲ್ಲೆಯವರ ಬಾಯಲ್ಲಿ ಚೆನ್ನಾಗಿರುವುದಿಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಮೂಲ 1792ಕ್ಕೆ ಹೋಗುತ್ತದೆ. ಟಿಪ್ಪುವಿನ ಸೀಮೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ಜಾಗ ಕೊಟ್ಟು ನೆಲೆ ನಿಲ್ಲಿಸಿದವನು ಹಾಲೇರಿ ವಂಶದ ದೊಡ್ಡವೀರರಾಜೇಂದ್ರ, ಲಿಂಗಾಯತ ಅರಸ. ರೋಮಾಪುರದವರಿಗೆ 13ನೇ ಅಧ್ಯಾಯದಲ್ಲಿ ಪೌಲ ಅಧಿಕಾರಿಯನ್ನು ದೇವರ ಸೇವಕ ಎಂದು ಕರೆದದ್ದು ಇಂಥ ಕೆಲಸಕ್ಕೆ. ಆದರೆ ಪೇತ್ರ ಯೋಹಾನರು ಯೆಹೂದ್ಯರ ಹಿರೀಸಭೆಯ ಮುಂದೆ ನಿಂತು, ನಾವು ಕಂಡು ಕೇಳಿದ್ದನ್ನು ಹೇಳದೆ ಇರಲಾರೆವು ಎಂದದ್ದೂ (ಅಪೊಸ್ತಲರ ಕೃತ್ಯಗಳು 4:20) ವೇದವೇ.

ಈ ಎರಡರ ನಡುವೆ ನೀವು ಎಲ್ಲಿದ್ದೀರಿ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ಅವರು ಹೇಳಿದ್ದನ್ನು ಮಾಡಿದರೆ ನನಗೆ ತೊಂದರೆಯಾಗುತ್ತದೋ, ಪಾಪವಾಗುತ್ತದೋ? ತೊಂದರೆಯಾದರೆ ಸಹಿಸಬಹುದು, ಮನವಿ ಮಾಡಬಹುದು, ಕಾನೂನಿಗೆ ಹೋಗಬಹುದು. ಪಾಪವಾಗುವುದಾದರೆ ಮಾತ್ರ "ಆಗುವುದಿಲ್ಲ".

ಹೇಳುವಷ್ಟು ಸುಲಭವಲ್ಲ ಇದು. ತೋಟದ ಎರಡು ಸಂಗತಿ ತಗೊಳ್ಳಿ. ರೊಬಸ್ಟಾ ಕುಯ್ಲಿನ ಹೊತ್ತು, ಜನವರಿ ದಾಟಿದೆ, ಹಣ್ಣು ಗಿಡದಲ್ಲೇ ಒಣಗಿ ಉದುರುತ್ತಿದೆ. ಭಾನುವಾರವೂ ಬರಬೇಕು, ಇಲ್ಲವಾದರೆ ಲೈನ್ ಮನೆ ಖಾಲಿ ಮಾಡಿ ಎಂದು ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹೇಳಿ ಹೋಗುತ್ತಾನೆ. ಇನ್ನೊಂದು ತೋಟದಲ್ಲಿ ನಮ್ಮದೇ ಸಭೆಯ ಹುಡುಗ ತೂಕ ಬರೆಯುವ ಕೆಲಸಕ್ಕಿದ್ದಾನೆ. ಕುಯ್ದವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆ ಚೀಲ ತಕ್ಕಡಿಗೆ ಏರಿದಾಗ ಪ್ರತಿ ಚೀಲಕ್ಕೂ ಎರಡೆರಡು ಕಿಲೋ ಕಮ್ಮಿ ಬರೆ ಎಂದು ಅವನಿಗೆ ಮೇಲಿನಿಂದ ಹೇಳಿದ್ದಾರೆ.

ಮೊದಲನೆಯದು ಧರ್ಮದ ಪ್ರಶ್ನೆಯಂತೆ ಕಾಣುತ್ತದೆ, ಪ್ರಾರ್ಥನಾಕೂಟದಲ್ಲಿ ಬಿಸಿಬಿಸಿ ಚರ್ಚೆಯಾಗುತ್ತದೆ. ಎರಡನೆಯದು "ಕೆಲಸದ ವಿಷಯ" ಎಂದು ಯಾರೂ ಎತ್ತುವುದೇ ಇಲ್ಲ. ನನ್ನ ಎಣಿಕೆಯಲ್ಲಿ ಇದು ತಲೆಕೆಳಗು. ಭಾನುವಾರದ ಆರಾಧನೆಗೆ ಹೊಂದಾಣಿಕೆ ಮಾಡಿಕೊಳ್ಳಬಹುದು. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎಂದು ಜ್ಞಾನೋಕ್ತಿ 11:1 ನೇರವಾಗಿ ಹೇಳುತ್ತದೆ, ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಎಂದು ಯಾಕೋಬ 5:4 ಹೇಳುತ್ತದೆ. ಅಲ್ಲಿ ಹೊಂದಾಣಿಕೆಗೆ ಜಾಗವಿಲ್ಲ.

ಭಾನುವಾರದ ವಿಷಯಕ್ಕೆ ದಾನಿಯೇಲನ ದಾರಿ ಹಿಡಿಯಿರಿ. ಅರಮನೆಯ ಊಟ ಬೇಡವೆಂದು ಅವನು ತಟ್ಟೆ ದೂಡಲಿಲ್ಲ, ಹತ್ತು ದಿನ ಪರೀಕ್ಷೆ ಮಾಡಿ ನೋಡಿ ಎಂದು ಮೇಲ್ವಿಚಾರಕನನ್ನು ಕೇಳಿದ (ದಾನಿಯೇಲ 1:12). ಕೇಳುವ ಮೊದಲು ನಿಮ್ಮ ಕಡೆಯಿಂದ ಏನು ಕೊಡುತ್ತೀರಿ ಎಂದು ಯೋಚಿಸಿಕೊಳ್ಳಿ. "ಸಾಹುಕಾರ್ರೇ, ಬೆಳಿಗ್ಗೆ ಆರಾಧನೆ ಮುಗಿಸಿ ಹತ್ತೂವರೆಗೆ ತೋಟದಲ್ಲಿರ್ತೇವೆ. ಶನಿವಾರ ಕತ್ತಲಾಗುವವರೆಗೆ ಕುಯ್ದುಕೊಡ್ತೇವೆ. ಕುಯ್ಲು ಮುಗಿಯುವ ತನಕ ಹೀಗೆ ನೋಡಿ." ರೈಟರ್ ಹತ್ತಿರ ವಾದಿಸುವ ಬದಲು ನಿರ್ಧಾರ ತಗೊಳ್ಳುವವರ ಹತ್ತಿರವೇ ಹೋಗಿ. ಇಬ್ಬರು ಹೋಗಿ, ಇಪ್ಪತ್ತು ಜನ ಬೇಡ. ಕಣದಲ್ಲಿ ಎಲ್ಲರ ಎದುರು ಕೇಳಿದರೆ ಅವರಿಗೂ ಮಾನದ ಪ್ರಶ್ನೆಯಾಗುತ್ತದೆ, ಒಪ್ಪಬೇಕೆಂದಿದ್ದವರೂ ಒಪ್ಪುವುದಿಲ್ಲ.

ತೂಕದ ಹುಡುಗನಿಗೆ ಬೇರೆ ಮಾತು. ಅವನು ಹೇಳಬೇಕಾದದ್ದು ಚಿಕ್ಕದು: "ಸಾರ್, ತಕ್ಕಡಿ ತೋರಿಸಿದ್ದನ್ನೇ ಬರೀತೇನೆ. ಬೇರೆ ಯಾವ ಕೆಲಸ ಕೊಟ್ಟರೂ ಮಾಡ್ತೇನೆ." ಉಪದೇಶ ಬೇಡ, ನೀವು ಕಳ್ಳರು ಎನ್ನುವುದೂ ಬೇಡ. ಇದರಿಂದ ಕೆಲಸ ಹೋಗಬಹುದು. ಹಾಗಾಗಿ ಅವನು ಈ ಮಾತು ಆಡುವ ಮೊದಲೇ ಸಭೆಯ ಹಿರಿಯರು ಕೂತು, ಕೆಲಸ ಹೋದರೆ ಆ ಮನೆಗೆ ಅಕ್ಕಿ ಸಾಮಾನು ಯಾರ ಜವಾಬ್ದಾರಿ, ಇನ್ನೊಂದು ಕೆಲಸ ಎಲ್ಲಿ ಎಂದು ಮಾತಾಡಿಕೊಂಡಿರಬೇಕು. ಇಷ್ಟನ್ನೂ ಮಾಡದೆ "ನಂಬಿಗಸ್ತನಾಗಿರು ತಮ್ಮಾ" ಎಂದು ಬೆನ್ನು ತಟ್ಟುವುದು ಅಗ್ಗದ ಭಕ್ತಿ.

ಅಡ್ವಾನ್ಸ್ ಕೊಟ್ಟಿದ್ದೇವೆ, ತೀರುವ ತನಕ ಹೊರಗೆ ಹೋಗುವಂತಿಲ್ಲ ಎಂದು ಕುಟುಂಬವನ್ನು ಹಿಡಿದಿಟ್ಟರೆ ಅದಕ್ಕೆ ಮನವಿ ಸಾಲದು. 1976ರ ಕಾಯ್ದೆಯಿಂದ ಜೀತಪದ್ಧತಿ ರದ್ದಾಗಿದೆ, ದೂರು ಜಿಲ್ಲಾಧಿಕಾರಿಗೂ ಉಪವಿಭಾಗಾಧಿಕಾರಿಗೂ ಹೋಗಬೇಕು. ಹಿಡಿದಿಟ್ಟ ಕುಟುಂಬ ನಮ್ಮ ಸಭೆಯದ್ದೇ ಆಗಿರಬೇಕೆಂದಿಲ್ಲ. 1850ರ ದಶಕದಲ್ಲಿ ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ ಸಿದ್ದಾಪುರದ ಹತ್ತಿರ ಆನಂದಪುರ ಕಟ್ಟಿದ್ದು ಧಣಿಗಳ ಕೈಕೆಳಗೆ ದುಡಿಯುತ್ತಿದ್ದ ದಲಿತ ಕುಟುಂಬಗಳ ಜೊತೆಗೆ. ಆ ಚರಿತ್ರೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಪಕ್ಕದ ಲೈನ್‌ನಲ್ಲಿರುವ ಯರವ ಬುಡಕಟ್ಟಿನವರ ಮನೆಯ ವಿಷಯಕ್ಕೆ ಕಣ್ಣು ಮುಚ್ಚಿದರೆ ಕೇಳುವವರು ನಗುತ್ತಾರೆ.

ಸ್ಟೇಷನ್ನಿನಿಂದ ಕರೆ ಬಂದರೆ

ಮೊದಲಿಗೆ, ಅದು ನಿಜವಾದ ಪೊಲೀಸರೇ ಎಂದು ಖಚಿತ ಮಾಡಿಕೊಳ್ಳಿ. ವಿಡಿಯೊ ಕಾಲ್‌ನಲ್ಲಿ ಯೂನಿಫಾರ್ಮ್ ತೋರಿಸಿ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸಿ ದುಡ್ಡು ಕೀಳುವವರಿದ್ದಾರೆ. ಅಂಥದ್ದೊಂದು ಅರೆಸ್ಟ್ ಕಾನೂನಿನಲ್ಲೇ ಇಲ್ಲ. ಅಲ್ಲಿ ವಿಧೇಯತೆಯ ಮಾತೇ ಬರುವುದಿಲ್ಲ, ಫೋನ್ ಕಟ್ ಮಾಡಿ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಿ.

ನಿಜವಾದ ಕರೆಯಾದರೆ ದನಿ ಏರಿಸದೆ ಕೇಳಿ: "ಸಾರ್, ತಮ್ಮ ಹೆಸರು? ಯಾವ ಸ್ಟೇಷನ್? ಯಾವ ವಿಷಯಕ್ಕೆ ಬರಬೇಕು? ನೋಟಿಸ್ ಕೊಟ್ಟರೆ ಆ ಹೊತ್ತಿಗೆ ಸರಿಯಾಗಿ ಬರ್ತೇನೆ." 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಸಾಕ್ಷಿಯಾಗಿ ಕರೆಯುವುದಕ್ಕೆ 179ನೇ ಸೆಕ್ಷನ್ ಪ್ರಕಾರ ಬರಹದಲ್ಲಿ ಆದೇಶ ಬೇಕು. ಅದೇ ಸೆಕ್ಷನ್ ಪ್ರಕಾರ ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು ಅವರಿರುವ ಜಾಗ ಬಿಟ್ಟು ಬೇರೆ ಕಡೆ ಬರಲು ಒತ್ತಾಯಿಸುವಂತಿಲ್ಲ. ನಿಮ್ಮ ಮೇಲೆಯೇ ಆರೋಪವಿದ್ದು 35ನೇ ಸೆಕ್ಷನ್ನಿನ ನೋಟಿಸ್ ಬಂದರೆ ತಪ್ಪದೆ ಹೋಗಿ. ಹೋಗದಿದ್ದರೆ ಬಂಧನಕ್ಕೆ ನೀವೇ ಕಾರಣ ಕೊಟ್ಟ ಹಾಗೆ.

ಒಬ್ಬರೇ ಹೋಗಬೇಡಿ. ಸಮಾಧಾನದ ಮನುಷ್ಯರೊಬ್ಬರು ಜೊತೆಗಿರಲಿ, ಆದರೆ ಇಡೀ ಸಭೆ ಪಿಕಪ್ ಹತ್ತಿ ಬರುವುದು ಬೇಡ. ಹೊರಡುವ ಮೊದಲು ಎಲ್ಲಿಗೆ, ಎಷ್ಟು ಗಂಟೆಗೆ ಹೋದಿರಿ ಎಂದು ಮನೆಯಲ್ಲೂ ಹಿರಿಯರಿಗೂ ಹೇಳಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಹಾಗಾಗಿ ಇಷ್ಟು ಗಂಟೆಯೊಳಗೆ ಬರದಿದ್ದರೆ ನೀವೇ ಹುಡುಕಿಕೊಂಡು ಬನ್ನಿ ಎಂದು ಮೊದಲೇ ಮಾತಾಡಿಕೊಂಡಿರಿ.

ಒಳಗೆ ಹೋದ ಮೇಲೆ ನಿಜವನ್ನೇ ಹೇಳಿ, ಕೇಳಿದಷ್ಟಕ್ಕೇ ಹೇಳಿ. ತಪ್ಪು ಒಪ್ಪಿಕೊಳ್ಳಲು ಯಾರನ್ನೂ ಬಲವಂತ ಮಾಡುವಂತಿಲ್ಲ, ಅದು ಸಂವಿಧಾನದ 20(3)ನೇ ವಿಧಿ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಬೇಕಿಲ್ಲ ಎಂದು ನಾಗರಿಕ ಸುರಕ್ಷಾ ಸಂಹಿತೆಯ 181ನೇ ಸೆಕ್ಷನ್ ಹೇಳುತ್ತದೆ. ಖಾಲಿ ಹಾಳೆಗಂತೂ ಯಾವ ಕಾರಣಕ್ಕೂ ಸಹಿ ಹಾಕಬೇಡಿ. ಬಂಧಿಸಿದರೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಹೀಗೆ ಹಕ್ಕು ಕೇಳುವುದು ಭಕ್ತಿಗೆ ಸಲ್ಲುತ್ತದೆಯೇ ಎಂದು ಕೆಲವು ಹಿರಿಯರು ಕೇಳುವುದುಂಟು. ಪೌಲನನ್ನು ಕೇಳಿ. ಕೊರಡೆಯಿಂದ ಹೊಡೆಯಲು ಕಟ್ಟುತ್ತಿದ್ದಾಗ, ವಿಚಾರಣೆಯಿಲ್ಲದೆ ರೋಮ್ ಪ್ರಜೆಯನ್ನು ಹೊಡೆಯುವುದು ನ್ಯಾಯವೋ ಎಂದು ಶತಾಧಿಪತಿಯನ್ನೇ ಕೇಳಿದ (ಅ.ಕೃ. 22:25). ಫಿಲಿಪ್ಪಿಯಲ್ಲಿ ಗುಟ್ಟಾಗಿ ಬಿಟ್ಟುಬಿಡಲು ನೋಡಿದಾಗ, ಅವರೇ ಬಂದು ಕರಕೊಂಡು ಹೋಗಲಿ ಎಂದ. ಅಲ್ಲಿ ಅವನಿಗೆ ತನ್ನ ಮಾನಕ್ಕಿಂತ ಹಿಂದೆ ಉಳಿಯುವ ಹೊಸ ಸಭೆಯ ಚಿಂತೆ ಇತ್ತು ಎಂದು ನಾನು ಓದಿಕೊಳ್ಳುತ್ತೇನೆ. ನಿಮ್ಮ ಮೇಲೆ ನಿಯಮ ಮೀರಿ ನಡೆದುಕೊಂಡದ್ದನ್ನು ನೀವು ನುಂಗಿಕೊಂಡರೆ ನಾಳೆ ಅದೇ ಬಾಗಿಲಿಗೆ ನಿಮಗಿಂತ ಬಡವರು ಹೋಗುತ್ತಾರೆ.

ನಿಮ್ಮ ದೂರು ಸ್ಟೇಷನ್ನಿನಲ್ಲಿ ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಮಡಿಕೇರಿಯ ಎಸ್‌ಪಿ ಕಚೇರಿಗೆ ಪೋಸ್ಟ್ ಮಾಡಬಹುದು, ಅದೇ ಸಂಹಿತೆಯ 173ನೇ ಸೆಕ್ಷನ್ನಿನಲ್ಲೇ ಆ ದಾರಿ ಇದೆ. ಎಫ್‌ಐಆರ್ ಆದರೆ ಅದರ ಪ್ರತಿ ದೂರುದಾರರಿಗೆ ಪುಕ್ಕಟೆ. ವಕೀಲರಿಗೆ ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ನೆರವು ಸಿಗುತ್ತದೆ.

ಇನ್ನೊಂದು ಮಾತು ಕಹಿಯಾದರೂ ಹೇಳಬೇಕು. ನಮ್ಮವನು ನಿಜಕ್ಕೂ ಚೀಟಿ ದುಡ್ಡು ನುಂಗಿದ್ದರೆ, ಕುಡಿದು ಹೊಡೆದಾಡಿದ್ದರೆ, ಸ್ಟೇಷನ್ನಿಗೆ ಕರೆದದ್ದು ಹಿಂಸೆಯಲ್ಲ. ಕೊಲೆಗಾರನೋ ಕಳ್ಳನೋ ಆಗಿ ಬಾಧೆಪಡಬೇಡಿ ಎಂದು ಪೇತ್ರ ಬರೆದದ್ದು (1 ಪೇತ್ರ 4:15) ಇಂಥವರನ್ನು ನೆನೆದೇ.

ಮನೆ ಪ್ರಾರ್ಥನೆಗೆ ತಡೆ ಬಂದಾಗ

ಸಂಜೆ ಏಳು ಗಂಟೆ, ಲೈನ್ ಮನೆಯ ಮುಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ, ಬಾಗಿಲಲ್ಲಿ ಚಪ್ಪಲಿ ರಾಶಿ. ಹೊರಗೆ ಬೈಕ್ ನಿಂತ ಸದ್ದು, "ಯಾರನ್ನ ಕೇಳಿ ಮಾಡ್ತಿದ್ದೀರಿ?" ಸ್ವಲ್ಪ ಹೊತ್ತಿಗೆ ಪೊಲೀಸ್ ಜೀಪೂ ಬರುತ್ತದೆ. "ನಿಲ್ಲಿಸಿ, ಎಲ್ಲರೂ ಹೊರಡಿ."

ಆ ರಾತ್ರಿ ನಿಲ್ಲಿಸಿ. ಮಕ್ಕಳನ್ನೂ ವಯಸ್ಸಾದವರನ್ನೂ ಮೊದಲು ಕಳಿಸಿ. ಯಾರಾದರೂ ಕೈ ಮಾಡಿದರೆ ತಿರುಗಿ ಕೈ ಎತ್ತಬೇಡಿ, 112ಕ್ಕೆ ಫೋನ್ ಮಾಡಿ. ನಂಬಿಕೆ, ಆಚರಣೆ, ಪ್ರಚಾರದ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಕ್ಕೆ ಒಳಪಟ್ಟು ಎಂದೂ ಅದರಲ್ಲೇ ಇದೆ. ರಸ್ತೆಯಲ್ಲಿ ನಿಂತು ಆ ವಿಧಿಯ ವ್ಯಾಖ್ಯಾನ ಮಾಡಿದರೆ ಆ ಹೊತ್ತಿಗೆ ಪ್ರಯೋಜನವಿಲ್ಲ. ಮಾರನೆಯ ದಿನ ಹೋಗಿ, ಯಾವ ಆದೇಶದ ಮೇಲೆ ನಿಲ್ಲಿಸಿದಿರಿ, ಬರಹದಲ್ಲಿ ಕೊಡಿ ಎಂದು ವಿನಯದಿಂದ ಕೇಳಿ, ನಿಮ್ಮ ಅರ್ಜಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಕಷ್ಟ ಬರುವುದು ಮುಚ್ಚಳಿಕೆಯಲ್ಲಿ. "ಇನ್ನು ಮುಂದೆ ಈ ಮನೆಯಲ್ಲಿ ಪ್ರಾರ್ಥನೆ ಮಾಡುವುದಿಲ್ಲ ಎಂದು ಬರೆದುಕೊಟ್ಟು ಹೋಗಿ" ಅನ್ನುತ್ತಾರೆ. ರಾತ್ರಿಯಾಗಿದೆ, ಹೆಂಡತಿ ಹೊರಗೆ ಕಾಯುತ್ತಿದ್ದಾಳೆ, ಸಹಿ ಹಾಕಿದರೆ ಬಿಡುತ್ತಾರೆ. ಶಾಂತಿ ಕಾಪಾಡುವ ಬಾಂಡ್ ಬರೆಸಿಕೊಳ್ಳುವ ಅಧಿಕಾರ ಇರುವುದು ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರಿಗೆ, ಅದೂ ನೋಟಿಸ್ ಕೊಟ್ಟು ಕಾರಣ ಕೇಳಿದ ಮೇಲೆ. ಬರೆಯಲೇಬೇಕಾಗಿ ಬಂದರೆ ನಿಮ್ಮ ಕೈಯಲ್ಲೇ ಬರೆಯಿರಿ: "ನಾನು ಶಾಂತಿಗೆ ಭಂಗ ತರುವುದಿಲ್ಲ, ಕಾನೂನು ಪಾಲಿಸುತ್ತೇನೆ." ಪ್ರಾರ್ಥನೆ ಮಾಡುವುದಿಲ್ಲ ಎಂಬ ಸಾಲು ಬೇಡ. ಥೆಸಲೋನಿಕದಲ್ಲಿ ಯಾಸೋನ ಜಾಮೀನು ಕೊಟ್ಟೇ ಹೊರಬಂದ, ಅದೇ ರಾತ್ರಿ ಸಹೋದರರು ಪೌಲನನ್ನೂ ಸೀಲನನ್ನೂ ಬೆರೋಯಕ್ಕೆ ಸಾಗಿಸಿದರು (ಅ.ಕೃ. 17:9, 10). ಬೆದರಿಕೆ ಜೋರಾದಾಗ ಜಾಗ ಬದಲಿಸುವುದನ್ನು ಹೇಡಿತನ ಎಂದು ಲೂಕ ಎಲ್ಲೂ ಬರೆದಿಲ್ಲ.

ನಮ್ಮ ಕಡೆ ತಪ್ಪಿರಬಾರದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎನ್ನುವುದು ಎಲ್ಲರಿಗೂ ಇರುವ ನಿಯಮ. ಹಗಲಿನಲ್ಲೂ ಚಿಕ್ಕ ಮನೆಗೆ ದೊಡ್ಡ ಸ್ಪೀಕರ್ ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಚರ್ಚ್ ಕಟ್ಟುವುದಾದರೆ ಪಂಚಾಯಿತಿಯ ಪರವಾನಗಿ ತಗೊಂಡೇ ಅಡಿಪಾಯ ತೋಡಿ. ಕಾಗದಪತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಜುಲೈ ತಿಂಗಳಲ್ಲಿ ಬೀರುವಿನೊಳಗೇ ಬೂಷ್ಟು ಹಿಡಿಯುವ ಊರು ನಮ್ಮದು. ಫೋಟೊ ತೆಗೆದು ಇನ್ನೊಬ್ಬರ ಫೋನಿಗೂ ಕಳಿಸಿಡಿ.

ಶಾಲೆಯ ವಿಷಯದಲ್ಲಿ 1986ರ ಬಿಜೊ ಇಮ್ಯಾನುಯೆಲ್ ತೀರ್ಪನ್ನು ತಿಳಿದಿರಿ. ಕೇರಳದ ಮೂವರು ಯೆಹೋವನ ಸಾಕ್ಷಿ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಹೊರಗೆ ಹಾಕಿತು, ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಆ ಪಂಥದ ಬೋಧನೆಯನ್ನು ನಾನು ಒಪ್ಪುವುದಿಲ್ಲ, ರಾಷ್ಟ್ರಗೀತೆ ಹಾಡುವುದರಲ್ಲಿ ತಪ್ಪೂ ಕಾಣುವುದಿಲ್ಲ. ಆದರೆ ಗೌರವದಿಂದ ಎದ್ದು ನಿಂತೂ ಮನಸ್ಸಾಕ್ಷಿ ಒಪ್ಪದ್ದನ್ನು ಮಾಡದಿರುವುದು ಹೇಗೆ ಎಂಬುದಕ್ಕೆ ಅದಕ್ಕಿಂತ ಚೊಕ್ಕ ಉದಾಹರಣೆ ನಮ್ಮ ನ್ಯಾಯಾಲಯಗಳ ಕಡತದಲ್ಲಿ ಕಡಿಮೆ.

ಗದರಿಸುವವರು ಸಭೆಯೊಳಗೇ ಇದ್ದರೆ

ಹೊರಗಿನವರಿಗಿಂತ ಇವರ ಭಯ ದೊಡ್ಡದು. "ದೇವರ ಅಭಿಷಿಕ್ತನ ವಿರುದ್ಧ ಮಾತಾಡ್ತೀರಾ? ಮನೆಗೆ ಶಾಪ ಬರುತ್ತೆ" ಅನ್ನುತ್ತಾರೆ. ಲೆಕ್ಕ ಕೇಳಿದವರಿಗೆ ಮಗಳ ಮದುವೆ ಮಾಡಿಕೊಡುವುದಿಲ್ಲ, ಸ್ಮಶಾನದಲ್ಲಿ ಜಾಗ ಕೊಡುವುದಿಲ್ಲ ಎಂಬ ಬೆದರಿಕೆ. ನೆನಪಿರಲಿ, ಅಭಿಷಿಕ್ತನಾದ ದಾವೀದನ ಎದುರೇ ಪ್ರವಾದಿ ನಾತಾನ ಹೋಗಿ ನಿಂತ. ಎಲ್ಲರ ಮುಂದೆ ಪೌಲ ಪೇತ್ರನನ್ನು ತಿದ್ದಿದ (ಗಲಾತ್ಯ 2:11-14).

ಮತ್ತಾಯ 18ರ ಕ್ರಮ ಹಿಡಿಯಿರಿ: ಮೊದಲು ಒಬ್ಬರೇ, ಆಮೇಲೆ ಇಬ್ಬರು ಮೂವರ ಜೊತೆ, ಆಮೇಲೆ ಸಭೆಗೆ. ಧರ್ಮಪ್ರಾಂತ್ಯವಿದ್ದರೆ ಬಿಷಪರಿಗೆ ಸಹಿ ಹಾಕಿದ ಪತ್ರ ಬರೆಯಿರಿ, ಹೆಸರಿಲ್ಲದ ಪತ್ರ ಬೇಡ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ ಮಾತ್ರ ಈ ಮೆಟ್ಟಿಲುಗಳು ಯಾವುವೂ ಇಲ್ಲ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಸಭೆಯ ಹೆಸರು ಕೆಡುತ್ತದೆ ಎಂದು "ಒಳಗೇ ಮುಗಿಸೋಣ" ಅನ್ನುವವರು ಎಷ್ಟೇ ಹಿರಿಯರಾಗಿರಲಿ, ಅವರ ಮಾತು ಕೇಳಬೇಡಿ. ಮನೆಯಲ್ಲಿ ಗಂಡನ ಏಟು ತಿನ್ನುತ್ತಿರುವ ಅಕ್ಕತಂಗಿಯರಿಗೂ ಅಧೀನಳಾಗಿರು ಎಂಬ ವಚನ ಓದಿ ವಾಪಸ್ ಕಳಿಸಬೇಡಿ, ಮಹಿಳಾ ಸಹಾಯವಾಣಿ 181ರ ನಂಬರ್ ಕೊಡಿ, ಆ ರಾತ್ರಿ ಮಲಗಲು ಜಾಗ ಕೊಡಿ.

ಆಮೇಲಿನ ದಿನಗಳು

ಪೇತ್ರ ಯೋಹಾನರನ್ನು ಗದರಿಸಿ ಬಿಟ್ಟ ಮೇಲೆ ಅವರು ನೇರ ತಮ್ಮವರ ಬಳಿ ಹೋದರು, ನಡೆದದ್ದನ್ನೆಲ್ಲ ಹೇಳಿದರು, ಎಲ್ಲರೂ ಸೇರಿ ಪ್ರಾರ್ಥಿಸಿದರು. ಕರ್ತನೇ, ಅವರ ಬೆದರಿಕೆಗಳನ್ನು ನೋಡು ಎಂದರು, ಧೈರ್ಯ ಕೊಡು ಎಂದರು. ಆ ಯಾಜಕರ ಕೈಕಾಲು ಮುರಿ ಎಂದು ಕೇಳಲಿಲ್ಲ. ನಮ್ಮ ಕೂಟಗಳಲ್ಲಿ ಆ ಎರಡನೆಯ ಬಗೆಯ ಪ್ರಾರ್ಥನೆ ಶುರುವಾದರೆ ಯಾರಾದರೂ ಒಬ್ಬರು ಮೆಲ್ಲಗೆ ಹಾಡು ಎತ್ತಿಬಿಡಿ.

ವಿಡಿಯೊ ಇದ್ದರೆ ವಕೀಲರಿಗೆ ಕೊಡಿ, ವಾಟ್ಸ್ಯಾಪ್ ಗುಂಪುಗಳಿಗೆ ಬೇಡ. ಒಬ್ಬ ಪೇದೆಯ ಸಿಟ್ಟಿನ ಮಾತು ಮಡಿಕೇರಿಯಿಂದ ಮಂಗಳೂರಿಗೆ ಹೋಗುವಷ್ಟರಲ್ಲಿ "ಕೊಡಗಿನಲ್ಲಿ ಕ್ರೈಸ್ತರ ಮೇಲೆ ದಾಳಿ" ಆಗಿರುತ್ತದೆ. ಅದರ ಬಿಸಿ ತಟ್ಟುವುದು ಫಾರ್ವರ್ಡ್ ಮಾಡಿದವರಿಗಲ್ಲ, ಅದೇ ಲೈನ್ ಮನೆಯಲ್ಲಿ ಉಳಿದವರಿಗೆ.

ಗದರಿಸಿದ ಅಧಿಕಾರಿ ನಿಮಗೆ ಮತ್ತೆ ಸಿಗುತ್ತಾರೆ. ಇದು ಚಿಕ್ಕ ಜಿಲ್ಲೆ. ಗೋಣಿಕೊಪ್ಪಲಿನ ಸಂತೆಯಲ್ಲೋ, ಆಸ್ಪತ್ರೆಯ ಸಾಲಿನಲ್ಲೋ, ಯಾರದಾದರೂ ಮದುವೆ ಮನೆಯಲ್ಲೋ ಎದುರಾಗುತ್ತಾರೆ. ಕೇಸ್ ನಡೆಯುತ್ತಿದ್ದರೂ ನಮಸ್ಕಾರ ಹೇಳಿ. ಕೇಸಿನ ಮಾತು ಅಲ್ಲಿ ಎತ್ತಬೇಡಿ, ಅವರು ಎತ್ತಿದರೆ "ಅದನ್ನ ವಕೀಲರು ನೋಡ್ಕೊಳ್ತಾರೆ ಸಾರ್" ಎಂದು ಹೇಳಿ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಕೇಳಿ.